ಹುಡುಕುವವರಿದ್ದರೆ ಮಿಸ್ಸಿಂಗ್

ರವಿವಾರ ಬೆಳಿಗ್ಗೆ ಸೈಟ್ ಆಫೀಸಿನವನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು.

"ರೇವಣಸಿದ್ದ? ವೋ ತೋ ಆಜ್ ಆಬ್ಸೆಂಟ್ ಹೈ."

ಅವನ ಬೆನ್ನ ಹಿಂದೆ ಕಾಂಕ್ರೀಟ್ ಕಲಸುವ ಯಂತ್ರ ಗುಡುಗುತ್ತಿತ್ತು. ಜ್ಯೋತಿ ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಕಲ್ಯಾಣದ ಚಾಳಿನ ಆ ಒಂಟಿ ಕೋಣೆಯಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಜೋಳದ ರೊಟ್ಟಿ ನಿನ್ನೆ ರಾತ್ರಿಯಿಂದ ಮುಟ್ಟದೆ ಹಾಗೆಯೇ ಇತ್ತು. ಪಕ್ಕದಲ್ಲಿ ತಣ್ಣಗಾದ ಪುಂಡಿಪಲ್ಲೆ. ಅವಳ ಗಂಡ ರೇವಣಸಿದ್ದ ಘೋಡಬಂದರ್ ರಸ್ತೆಯಲ್ಲಿ ಏಳುತ್ತಿದ್ದ ಒಂದು ದೊಡ್ಡ ಕಟ್ಟಡದಲ್ಲಿ, ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟಿ ಕೀಳುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ವಾರವಿಡೀ ಅಲ್ಲಿನ ಲೇಬರ್ ಕ್ಯಾಂಪಿನಲ್ಲಿ ಮಲಗಿ ಶನಿವಾರ ರಾತ್ರಿ ಮನೆಗೆ ಬರುವುದು ಅವನ ರೂಢಿ. ನಿನ್ನೆ ಮಧ್ಯಾಹ್ನ ಫೋನು ಮಾಡಿ, "ಪುಂಡಿಪಲ್ಲೆ ಮಾಡು, ಖಾರ ಕಡಿಮಿ ಮಾಡಬ್ಯಾಡ" ಎಂದಿದ್ದ. ರಾತ್ರಿ ಬರಲಿಲ್ಲ. ಕಟ್ಟಡದಲ್ಲಿ ಸ್ಲ್ಯಾಬ್ ಹಾಕುವುದಿದ್ದರೆ ಕಂತ್ರಾಟುದಾರ ಒಮ್ಮೊಮ್ಮೆ ರವಿವಾರವೂ ಎಲ್ಲರನ್ನೂ ಹಿಡಿದಿಟ್ಟುಕೊಳ್ಳುವುದುಂಟು. ಹಾಗೇ ಇರಬೇಕೆಂದು ಅವಳು ಮಲಗಿದಳು. ಬೆಳಿಗ್ಗೆ ಹಚ್ಚಿ ನೋಡಿದರೆ ಅವನ ಫೋನು ಸ್ವಿಚ್ ಆಫ್ ಆಗಿತ್ತು.

ಆಮೇಲೆ ಅವಳು ಶಂಕ್ರೆಪ್ಪನಿಗೆ ಫೋನು ಹಚ್ಚಿದಳು. ಶಂಕ್ರೆಪ್ಪ ಅವಳ ಗಂಡನ ದೊಡ್ಡವ್ವನ ಮಗ. ಅಫಜಲಪುರದ ಕಡೆಯ ಹುಡುಗರನ್ನೆಲ್ಲ ಕರೆತಂದು ಕೆಲಸಕ್ಕೆ ಹಚ್ಚಿದ್ದ ತಂಡದ ಮುಖಂಡ. ಜ್ಯೋತಿಯ ಫೋನನ್ನು ಅವನು ಎಂದೂ ಎರಡನೇ ರಿಂಗಿಗೆ ಬಿಟ್ಟವನಲ್ಲ. ಇಂದು ಮಾತ್ರ ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಮತ್ತೆ ಹಚ್ಚಿದಳು. ಈ ಸಲ ಅವನೇ ಕಟ್ ಮಾಡಿದ.

ಗಂಡ ಕೆಲಸದಲ್ಲಿಲ್ಲ. ಮನೆಯಲ್ಲೂ ಇಲ್ಲ. ಅವನ ಜೊತೆಗೇ ಕೆಲಸ ಮಾಡುವ ಭಾವ ಫೋನು ಎತ್ತುತ್ತಿಲ್ಲ.

ಆಫೀಸಿನವರ ಜೊತೆ ಆಫೀಸಿನ ಮಾತಿನಲ್ಲೇ ಮಾತಾಡಬಲ್ಲವರು ಅವಳಿಗೆ ಈ ಊರಿನಲ್ಲಿ ಗೊತ್ತಿದ್ದುದು ಒಬ್ಬರೇ: ಗಗನಾ ಟೀಚರ್. ಜ್ಯೋತಿ ಸೆರಗು ಸಿಕ್ಕಿಸಿ, ಬೀಗ ಹಾಕಿ, ಸ್ಟೇಷನ್ನಿನ ಕಡೆ ಹೊರಟಳು.

*

ಡೊಂಬಿವಲಿಯ ಕನ್ನಡ ಸಂಘದ ಮೊದಲ ಮಹಡಿಯಲ್ಲಿ ಪ್ರತಿ ರವಿವಾರ ಇಂಗ್ಲಿಷ್ ಪಾಠ ನಡೆಯುತ್ತಿತ್ತು. ಕಲಿಸುವವಳು ಮೈಸೂರಿನ ಗಗನಾ. ಐರೋಲಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ, ವಾರದ ಒಂದೇ ರಜೆಯನ್ನು ಹೀಗೆ ಕಳೆಯುವ ಹುಚ್ಚು. ಜ್ಯೋತಿ ಭಿವಂಡಿಯ ಗೋದಾಮಿನಲ್ಲಿ ಡಬ್ಬ ಕಟ್ಟುವವಳು. ಡಬ್ಬ ಪರೀಕ್ಷಿಸುವ ಕೆಲಸಕ್ಕೆ ಏರಬೇಕಾದರೆ ಇಂಗ್ಲಿಷ್ ಓದಲು ಬರಬೇಕೆಂದು ಅಲ್ಲಿಯವರು ಹೇಳಿದ್ದರಿಂದ ಪಾಠಕ್ಕೆ ಸೇರಿದ್ದಳು.

ಅವಳು ಒಳಗೆ ಹೋದಾಗ ಪಾಠ ಅರ್ಧ ದಾರಿಯಲ್ಲಿತ್ತು. ಗಗನಾ ಹಲಗೆಯ ಮೇಲೆ ಬರೆದಿದ್ದ ವಾಕ್ಯಕ್ಕೆ ಎಲ್ಲರೂ ನಗುತ್ತಿದ್ದರು. ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಸಪ್ಲೈಯರ್ ಶೇಖರ ಎದ್ದು ನಿಂತಿದ್ದ.

"ಅಲ್ಲ ಟೀಚರ್, ಸಾಂಬಾರಿನಲ್ಲಿ ಉಪ್ಪು ಆಬ್ಸೆಂಟ್ ಅಂತ ಹೇಳಿದ್ರೆ ಎಂತ ತಪ್ಪು ಮಾರಾಯ್ರೆ? ಉಪ್ಪು ಬರ್ಲಿಲ್ಲ, ಅಷ್ಟೇ ಅಲ್ವಾ?"

"ಉಪ್ಪು ರಜೆ ಚೀಟಿ ಕೊಟ್ಟು ಹೋಗಿದ್ಯಾ ಶೇಖರ?" ಎಂದಳು ಗಗನಾ. "ಉಪ್ಪಿಗೆ ಮಿಸ್ಸಿಂಗ್ ಅಂತಾರೆ. ಪುಸ್ತಕದಲ್ಲಿ ಒಂದು ಹಾಳೆ ಇಲ್ಲ, ಮಿಸ್ಸಿಂಗ್. ಬಾಯಲ್ಲಿ ಒಂದು ಹಲ್ಲಿಲ್ಲ, ಮಿಸ್ಸಿಂಗ್. ಅದೇ, ಶೇಖರ ಇವತ್ತು ಕ್ಲಾಸಿಗೆ ಬಂದಿಲ್ಲ ಅಂದ್ಕೊಳ್ಳಿ, ಅವ್ನು ಆಬ್ಸೆಂಟ್. ಹೋಟೆಲಲ್ಲಿ ಇಡ್ಲಿ ಹಾಕ್ತಾ ಇರ್ತಾನೆ ಅಂತ ನಮಗೆಲ್ಲ ಗೊತ್ತು."

"ಮಲಗಿರ್ತಾನೆ ಅಂತ ಗೊತ್ತು," ಎಂದರು ಹಿಂದಿನಿಂದ ಯಾರೋ. ಮತ್ತೆ ನಗೆ.

"ನೋಡಿ, ಎರಡೂ 'ಇಲ್ಲ' ಅನ್ನೋದನ್ನೇ ಹೇಳುತ್ತೆ. ಆದ್ರೆ ಒಂದೇ ಅಲ್ಲ. ಹಾಜರಿ ಕೂಗೋವಾಗ ಒಬ್ರ ಜಾಗ ಖಾಲಿ ಕಾಣ್ಸಿದ್ರೆ ಆಬ್ಸೆಂಟ್. ಅದನ್ನ ಹೇಳೋಕೆ ಹಾಜರಿ ಕೂಗೋನು ಇದ್ರೆ ಸಾಕು, ಕೂಗಿ ಮುಂದಿನ ಹೆಸರಿಗೆ ಹೋಗ್ತಾನೆ. ಮಿಸ್ಸಿಂಗ್ ಅನ್ಬೇಕಾದ್ರೆ ಹುಡುಕೋರು ಒಬ್ರು ಇರ್ಬೇಕು. ಹುಡುಕಿದೆ, ಇರ್ಬೇಕಾದ ಕಡೆ ಸಿಗ್ಲಿಲ್ಲ ಅಂತ."

ಬಾಗಿಲ ಬಳಿ ನಿಂತಿದ್ದ ಜ್ಯೋತಿ ಚಪ್ಪಲಿ ಬಿಡುವುದನ್ನೂ ಮರೆತು ಕೇಳಿದಳು:

"ಟೀಚರ್ರೀ, ಕೆಲಸದ ಕಡೆ ಆಬ್ಸೆಂಟ್ ಅಂತಾರ. ಮನಿಗೂ ಬಂದಿಲ್ಲ. ಫೋನೂ ಹತ್ತವಲ್ದು. ಅಂಥಾವ್ರಿಗೆ ಏನಂತಾರ್ರಿ?"

ಗಗನಾ ನಗುತ್ತಲೇ ಅವಳ ಕಡೆ ತಿರುಗಿದಳು. ಜ್ಯೋತಿಯ ಮುಖ ಕಂಡದ್ದೇ ನಗೆ ಅರ್ಧಕ್ಕೆ ನಿಂತಿತು.

"ಯಾರು ಜ್ಯೋತಿ?"

"ನಮ್ಮ ಮನಿಯವ್ರು."

*

ಹಳಿ ರಿಪೇರಿಗೆಂದು ಗಾಡಿಗಳನ್ನು ತಡೆಯುವ ರವಿವಾರದ ಮೆಗಾ ಬ್ಲಾಕು. ಲೋಕಲ್ ಗಾಡಿ ದಿವಾ ಸ್ಟೇಷನ್ನಿನ ಹೊರಗೆ ನಿಂತದ್ದು ಕದಲಲೇ ಇಲ್ಲ. ಗಗನಾ ಪಾಠ ಅಲ್ಲಿಗೇ ನಿಲ್ಲಿಸಿ ಅವಳ ಜೊತೆ ಹೊರಟು ಬಂದಿದ್ದಳು. ಕಿಟಕಿಯ ಪಕ್ಕ ಕುಳಿತು ಸೈಟ್ ಆಫೀಸಿಗೆ ಫೋನು ಹಚ್ಚಿದಳು. ಆಫೀಸಿನವನು ಅವಳಿಗೂ ಅದೇ ಉತ್ತರ ಕೊಟ್ಟ. ಅವಳು ಇಂಗ್ಲಿಷಿನಲ್ಲಿ ಜೋರು ಮಾಡಿದ ಮೇಲೆ ಸೈಟಿನ ಇನ್‌ಚಾರ್ಜ್ ರಿತೇಶ್ ಎಂಬುವನಿಗೆ ಫೋನು ದಾಟಿಸಿದ.

ರಿತೇಶನ ದನಿ ಸೌಮ್ಯವಾಗಿತ್ತು. ನಿನ್ನೆ ಸಂಜೆ ಎಲ್ಲ ಕೆಲಸಗಾರರೂ ಹೊರಗೆ ಹೋಗಿದ್ದಾರೆ, ಎಲ್ಲ ಹೆಲ್ಮೆಟ್‌ಗಳೂ ಗೇಟಿನ ಹಲಗೆಗೆ ಬಂದಿವೆ ಎಂದ. ಇವತ್ತು ಸ್ಲ್ಯಾಬ್ ಇರುವುದರಿಂದ ಎಲ್ಲರನ್ನೂ ಕರೆಸಿದೆವು, ಇವನೊಬ್ಬ ಬರಲಿಲ್ಲ ಎಂದ. ಇಂಥವರು ಹೇಳದೆ ಕೇಳದೆ ಊರಿಗೆ ಹೋಗುತ್ತಾರೆ, ಗೊತ್ತಲ್ಲ ಮೇಡಂ, ಎಂದ.

"ಆದರೆ ಅವರು ಮನೆಗೂ ಬಂದಿಲ್ಲ. ಹೀ ಈಸ್ ಮಿಸ್ಸಿಂಗ್," ಎಂದಳು ಗಗನಾ.

ಆ ತುದಿಯಲ್ಲಿ ಯಾವುದೋ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಅದೇ ಸೌಮ್ಯ ದನಿ: "ಮೇಡಂ, ಮಿಸ್ಸಿಂಗ್ ಮತ್ ಬೋಲಿಯೇ. ಆಬ್ಸೆಂಟ್ ಹೈ."

ಗಗನಾ ಫೋನು ಇಳಿಸಿ ಅದನ್ನೇ ನೋಡುತ್ತ ಕುಳಿತಳು. ಬೆಳಿಗ್ಗೆ ತಾನು ಉಪ್ಪಿನಲ್ಲಿ, ಹಲ್ಲಿನಲ್ಲಿ ತೋರಿಸಿದ ಭೇದವನ್ನು ಈ ಮನುಷ್ಯ ತನಗಿಂತ ಚೆನ್ನಾಗಿ ಬಲ್ಲ ಎಂದು ಅವಳಿಗೆ ಅನಿಸಿರಬೇಕು.

"ಏನಂದ್ರಿ ಅವ್ರು?" ಜ್ಯೋತಿ ಕೇಳಿದಳು.

"ಆಬ್ಸೆಂಟ್ ಅಂದ್ರೆ ತಪ್ಪು ನಿಮ್ಮನೆಯವರದು, ಜ್ಯೋತಿ. ಮಿಸ್ಸಿಂಗ್ ಅಂದ್ರೆ ಹುಡುಕೋ ಕೆಲ್ಸ ಅವರದು. ಅದಕ್ಕೆ ಆ ಮಾತು ಬೇಡವಂತೆ."

ಗಾಡಿ ಒಂದು ಜರ್ಕು ಕೊಟ್ಟು ಹೊರಟಿತು. ಜ್ಯೋತಿ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಊರಿಗೆ ಹೋಗಿರಬಹುದೇ? ಪುಂಡಿಪಲ್ಲೆ ಮಾಡು ಎಂದವನು, ಖಾರದ ಲೆಕ್ಕ ಹೇಳಿದವನು, ರಾತ್ರೋರಾತ್ರಿ ಸೊಲ್ಲಾಪುರದ ಗಾಡಿ ಹತ್ತುತ್ತಾನೆಯೇ? ಅವಳು ಬೆಳಗಿನಿಂದ ಬದಿಗೆ ತಳ್ಳುತ್ತಿದ್ದ ಇನ್ನೊಂದು ಯೋಚನೆ ಈಗ ಎದುರಿಗೇ ಬಂದು ಕುಳಿತಿತು: ಶಂಕ್ರೆಪ್ಪ ಭಾವ ಫೋನು ಕಟ್ ಮಾಡಿದ್ದು ಯಾಕೆ?

*

ಕಟ್ಟಡದ ಗೇಟಿನ ಒಳಮಗ್ಗುಲಿಗೆ ಒಂದು ಉದ್ದನೆಯ ಹಲಗೆ. ಅದಕ್ಕೆ ಸಾಲು ಮೊಳೆಗಳು, ಪ್ರತಿ ಮೊಳೆಯ ಕೆಳಗೊಂದು ನಂಬರು. ಬೆಳಿಗ್ಗೆ ಒಳಗೆ ಹೋಗುವವನು ತನ್ನ ನಂಬರಿನ ಹೆಲ್ಮೆಟ್ ತೆಗೆದುಕೊಳ್ಳಬೇಕು, ಸಂಜೆ ಹೊರಬರುವಾಗ ಅದೇ ಮೊಳೆಗೆ ನೇತುಹಾಕಬೇಕು. ಒಂದು ಮೊಳೆ ಖಾಲಿ ಉಳಿದರೂ ಗೇಟು ಮುಚ್ಚುವಂತಿಲ್ಲ, ವಾಚ್‌ಮನ್ ಒಳಗೆ ಹೋಗಿ ಹುಡುಕಬೇಕು. ಹಲಗೆ ತುಂಬಿತೆಂದರೆ ಕಟ್ಟಡ ಖಾಲಿಯೆಂದು ಅರ್ಥ.

ಇವತ್ತು ಸ್ಲ್ಯಾಬಿನ ದಿನ. ಮೊಳೆಗಳೆಲ್ಲ ಬೋಳಾಗಿದ್ದವು. ಒಂದರಲ್ಲಿ ಮಾತ್ರ ಹಳದಿ ಹೆಲ್ಮೆಟ್ ತೂಗುತ್ತಿತ್ತು.

"ದೇಖೋ," ಎಂದ ವಾಚ್‌ಮನ್, ವಾದ ಗೆದ್ದವನಂತೆ. "ಕಲ್ ಶಾಮ್ ಸೇ ಯಹೀಂ ಹೈ. ಬಂದಾ ಬಾಹರ್ ಗಯಾ." ನಿನ್ನೆ ಸಂಜೆಯಿಂದ ಇಲ್ಲೇ ಇದೆ, ಆಸಾಮಿ ಹೊರಗೆ ಹೋಗಿದ್ದಾನೆ ಎಂಬುದು ಅವನ ಮಾತು.

ಜ್ಯೋತಿ ಹೆಲ್ಮೆಟ್ಟನ್ನು ಮೊಳೆಯಿಂದ ತೆಗೆದು ಮಗುಚಿದಳು. ಒಳಗಿನ ಪಟ್ಟಿಯ ಸುತ್ತ ಸುತ್ತಿದ್ದ ನೀಲಿ ಬಟ್ಟೆ ಅವಳ ಹಳೆಯ ಸೀರೆಯದು. ಬೆವರಿಗೆ ಹಣೆ ಕೆರೆಯುತ್ತದೆಂದು ಅವನು ಗೊಣಗಿದ ಮೇಲೆ ಅವಳೇ ಹರಿದು ಕೊಟ್ಟಿದ್ದಳು. ಶನಿವಾರ ಕೆಲಸ ಮುಗಿದೊಡನೆ ಆ ಬಟ್ಟೆ ಬಿಚ್ಚಿ ಕಿಸೆಗೆ ತುರುಕಿ ಒಗೆಯಲು ಮನೆಗೆ ತರುವುದನ್ನು ಅವನು ಒಂದು ವಾರವೂ ತಪ್ಪಿಸಿರಲಿಲ್ಲ. ಬಟ್ಟೆ ವಾರದ ಬೆವರಿನಿಂದ ಗಟ್ಟಿಯಾಗಿ, ಗಂಟು ಹಾಕಿದಂತೆಯೇ ಇತ್ತು.

ಅವಳು ಗಗನಾಳ ಕಡೆ ತಿರುಗಿದಳು.

"ಟೀಚರ್ರೀ," ಎಂದಳು, ದನಿ ತಗ್ಗಿಸಿ. "ಇದನ್ನ ಅವ್ರು ಹಾಕಿಲ್ರಿ. ಬ್ಯಾರೆ ಯಾರೋ ತಂದು ಹಾಕ್ಯಾರ."

"ಅದ್ಹೇಗೆ ಗೊತ್ತು?"

ಜ್ಯೋತಿ ಬಟ್ಟೆಯ ಗಂಟು ತೋರಿಸಿದಳು. ಅವಳ ಕಣ್ಣು ಆಗಲೇ ಮರಳಿನ ರಾಶಿಯಾಚೆ, ಕಾಂಕ್ರೀಟು ಮೇಲೇರಿಸುವ ಪಂಪಿನ ಬಳಿ ನಿಂತಿದ್ದ ಒಬ್ಬ ಮನುಷ್ಯನ ಮೇಲಿತ್ತು. ಆ ಮನುಷ್ಯ ಇವಳನ್ನು ಕಂಡ. ಕಂಡವನು ಎದುರು ಬರಲಿಲ್ಲ, ಓಡಲೂ ಇಲ್ಲ. ಹೆಜ್ಜೆ ಕೀಳಲಾರದವನಂತೆ ನಿಂತಲ್ಲೇ ನಿಂತ.

ಜ್ಯೋತಿಯೇ ನಡೆದು ಹೋದಳು. ಹೆಲ್ಮೆಟ್ ಎದೆಗವಚಿಕೊಂಡೇ ಹೋದಳು.

"ಭಾವಾ. ಇದನ್ನ ಯಾರು ಹಾಕೀರಿ?"

"ಊರಿಗೆ ಹೋಗ್ಯಾನವಾ ಅಂವ. ನಾ ಅಂತೀನಲ್ಲ, ಚಿಗವ್ವಗ ಆರಾಮಿಲ್ಲ ಅಂತಿದ್ದ..."

"ನಮ್ಮತ್ತಿ ಆರಾಮ ಅದಾಳ. ನಿನ್ನೆ ಮಾತಾಡೀನಿ. ನಾ ಕೇಳಿದ್ದು ಇದನ್ನ ಯಾರು ಹಾಕೀರಿ ಅಂತ."

ಪಂಪಿನ ಸದ್ದಿಗೆ ಅವರಿಬ್ಬರೂ ಕೂಗಿಯೇ ಮಾತಾಡಬೇಕಾಗಿತ್ತು. ಕೂಗಿನಲ್ಲಿ ಸುಳ್ಳು ಬಹಳ ಹೊತ್ತು ನಿಲ್ಲುವುದಿಲ್ಲ. ಶಂಕ್ರೆಪ್ಪ ಹೆಲ್ಮೆಟ್ಟಿನ ಕಡೆ ನೋಡಿದ.

"ನಾನ."

ಮುಂದಿನದನ್ನು ಅವನು ಹೇಳಿದ್ದು ಹೆಲ್ಮೆಟ್ಟಿಗೆ, ಅವಳಿಗಲ್ಲ. ಕ್ಯಾಂಪಿನಲ್ಲಿ ನೀರು ಬಿಡುವುದು ಸಂಜೆ ಸ್ವಲ್ಪವೇ ಹೊತ್ತು. ಗೇಟಿನಲ್ಲಿ ಸರತಿ ನಿಂತರೆ ಸ್ನಾನವಿಲ್ಲ. ಅದಕ್ಕೆ ಅಫಜಲಪುರದ ಹುಡುಗರು ಒಂದು ರೂಢಿ ಮಾಡಿಕೊಂಡಿದ್ದರು. ಎಲ್ಲರೂ ಹಿಂದಿನ ಬೇಲಿ ಸಂದಿಯಿಂದ ನೀರಿಗೆ ಓಡುವುದು, ಒಬ್ಬ ಎಲ್ಲರ ಹೆಲ್ಮೆಟ್‌ಗಳನ್ನೂ ಹೊತ್ತು ಗೇಟಿನಿಂದ ಹೋಗಿ ಮೊಳೆ ತುಂಬಿಸುವುದು. ವಾಚ್‌ಮನ್ನನಿಗೂ ಅದು ಗೊತ್ತು. ನಿನ್ನೆ ಸರದಿ ಶಂಕ್ರೆಪ್ಪನದು.

"ಇದು ಎಲ್ಲಿ ಸಿಕ್ತು?" ಜ್ಯೋತಿ ಹೆಲ್ಮೆಟ್ಟನ್ನು ಅವನ ಮುಖದೆದುರು ಹಿಡಿದಳು.

"ಟಾಕಿ ಬಾಯಿ ಕಡೆ."

"ಯಾವ ಟಾಕಿ?"

"ನೆಲದಾಗಿನ ನೀರಿನ ಟಾಕಿ. ಹೊಸಾದು. ಒಳಗಿನ ಸೆಂಟ್ರಿಂಗ್ ಹಲಗಿ ಕೀಳಾಕ ಇಳದಿದ್ದ. ಬಾಯಿ ಸಣ್ಣದದ, ಹೆಲ್ಮೆಟ್ ಹಾಕ್ಕೊಂಡು ಇಳಿಯಾಕ ಬರಂಗಿಲ್ಲ. ಕೆಲಸ ಮುಗಿಸಿ ನೀರಿಗೆ ಓಡ್ಯಾನ ಅನ್ಕೊಂಡೆ. ಏ ಸಿದ್ದಾ ಅಂತ ಕೂಗೀನಿ, ಯವ್ವಾ. ನಿನ್ನ ಆಣಿ, ಕೂಗೀನಿ. ಓ ಅನ್ನಲಿಲ್ಲ ಅಂವ."

"ಆಮ್ಯಾಲ?"

ಶಂಕ್ರೆಪ್ಪ ಪಂಪಿನ ಕಡೆ ತಿರುಗಿದ.

"ಆಮ್ಯಾಲ ಏನ್ ಮಾಡಿದಿ ಭಾವಾ?"

"ಬಾಯಿ ತೆರೆದು ಬಿಟ್ರ ಸಾಹೇಬ್ರು ಬೈತಾರ. ಮ್ಯಾಲ ಪ್ಲೈವುಡ್ ಮುಚ್ಚಿ... ಉಸುಕಿನ ಚೀಲ ಹೇರಿ ಬಂದೆ."

*

ರಿತೇಶ್ ಬಂದಾಗ ಜ್ಯೋತಿ ಟಾಕಿಯ ಕಡೆ ಓಡುತ್ತಿದ್ದಳು. ಗಗನಾ ಅವಳ ಹಿಂದೆ. ಇಸ್ತ್ರಿ ಮಾಡಿದ ಅಂಗಿಯ ಆ ಮನುಷ್ಯ ಎರಡೂ ಕೈ ಚಾಚಿ ಅಡ್ಡ ನಿಂತ.

"ಮೇಡಂ, ಪ್ಲೀಸ್. ಊಪರ್ ಸ್ಲ್ಯಾಬ್ ಚಲ್ ರಹಾ ಹೈ. ಬೀಚ್ ಮೇಂ ರುಕ್ ನಹೀಂ ಸಕ್ತಾ." ಮೇಲೆ ಸುರಿಯುತ್ತಿದ್ದ ಕಾಂಕ್ರೀಟು ಅರ್ಧಕ್ಕೆ ನಿಂತರೆ ಆ ಮಹಡಿಯೇ ಹಾಳು; ಅವನ ಭಯ ಸುಳ್ಳಲ್ಲ. "ಸಂಜೆ ಸ್ಲ್ಯಾಬ್ ಮುಗೀಲಿ, ನಾನೇ ನಿಂತು ತೆಗೆಸಿ ತೋರಿಸ್ತೀನಿ" ಎಂಬರ್ಥದ ಮಾತನ್ನು ಹಿಂದಿಯಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಸರದಿಯ ಮೇಲೆ ಹೇಳಿದ.

ಗಗನಾ ಅವನ ಕಡೆ ನೋಡಲೇ ಇಲ್ಲ. ಫೋನು ಕಿವಿಗಿಟ್ಟು ಫೈರ್ ಬ್ರಿಗೇಡಿನವರಿಗೆ ವಿಳಾಸ ಹೇಳುತ್ತಿದ್ದಳು. "ಯೆಸ್. ಒನ್ ಪರ್ಸನ್ ಮಿಸ್ಸಿಂಗ್. ಇನ್ಸೈಡ್ ಅ ಟ್ಯಾಂಕ್. ನಾನು ಮಿಸ್ಸಿಂಗ್ ಅಂದೆ, ಬರ್ಕೊಳ್ಳಿ."

ರಿತೇಶನ ಕೈಗಳು ಕೆಳಗಿಳಿದವು.

ಟಾಕಿಯ ಬಾಯಿಯ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಉಸುಕಿನ ಚೀಲಗಳು. ಶಂಕ್ರೆಪ್ಪ ಅವನ್ನು ಎತ್ತಿ ಎಸೆದ ರಭಸಕ್ಕೆ ಒಂದು ಚೀಲ ಒಡೆದು ಉಸುಕು ಹರಡಿತು. ಹಲಗೆ ಸರಿದೊಡನೆ ಕೊಳೆತ ಕಟ್ಟಿಗೆಯ, ಹುಳಿತ ನೀರಿನ ಬೆಚ್ಚನೆಯ ವಾಸನೆ ಮುಖಕ್ಕೆ ಬಡಿಯಿತು. ವಾಚ್‌ಮನ್ ಟಾರ್ಚು ಬಿಟ್ಟ. ಕಬ್ಬಿಣದ ಏಣಿ ಕತ್ತಲಿಗಿಳಿದಿತ್ತು. ಏಣಿಯ ಬುಡದಲ್ಲಿ ಒಬ್ಬ ಮನುಷ್ಯ, ಮುಖವನ್ನು ಮೆಟ್ಟಿಲಿಗಾನಿಸಿ, ಮೊಣಕಾಲೂರಿ ಕುಳಿತಿದ್ದ. ಒಂದು ತೋಳು ಮೇಲಿನ ಮೆಟ್ಟಿಲನ್ನು ಬಳಸಿತ್ತು. ಹತ್ತಲು ಹೊರಟವನು ಒಂದು ಗಳಿಗೆ ದಣಿವಾರಿಸಿಕೊಳ್ಳುತ್ತಿರುವಂತೆ ಕಾಣುತ್ತಿತ್ತು.

"ಕೈ ಅಳ್ಳಾಡ್ತು!" ಶಂಕ್ರೆಪ್ಪ ಚೀರಿದ. "ನೋಡ್ರಿ, ಕೈ ಅಳ್ಳಾಡ್ತು! ಜೀವ ಅದ!"

ಅಲ್ಲಾಡಿದ್ದು ಕೈಯೋ, ವಾಚ್‌ಮನ್ನನ ನಡುಗುವ ಬೆರಳಲ್ಲಿದ್ದ ಟಾರ್ಚೋ? ಜ್ಯೋತಿ ಕಣ್ಣು ಕೀಲಿಸಿ ನೋಡಿದಳು. ಗೊತ್ತಾಗಲಿಲ್ಲ.

ಶಂಕ್ರೆಪ್ಪ ಆಗಲೇ ಒಂದು ಕಾಲು ಏಣಿಯ ಮೇಲಿಟ್ಟಿದ್ದ. ರಿತೇಶ್ ಹಿಂದಿನಿಂದ, "ಹಾಂ, ಉತರ್, ಜಲ್ದೀ ಉತರ್! ಖೀಂಚ್ ಲೇ ಉಸ್ಕೋ!" ಎಂದು, ಬೇಗ ಇಳಿದು ಎಳೆದು ತರಲು ಅವಸರಿಸುತ್ತಿದ್ದ. ಫೈರ್ ಬ್ರಿಗೇಡಿನ ಗಾಡಿ ಗೇಟಿಗೆ ಬರುವುದರೊಳಗೆ ಆ ದೇಹ ಟಾಕಿಯಿಂದ ಹೊರಗಿರಬೇಕು ಎನ್ನುವ ಆತುರ ಆ ದನಿಯಲ್ಲಿತ್ತು.

ಜ್ಯೋತಿ ಶಂಕ್ರೆಪ್ಪನ ಅಂಗಿಯ ಕೊರಳುಪಟ್ಟಿ ಹಿಡಿದಳು.

"ಇಳಿಯಬ್ಯಾಡ."

"ಬಿಡವಾ! ನಾ ಮುಚ್ಚೀನಿ, ನಾನ ತರ್ತೀನಿ!"

"ಹಗೇವು ಭಾವಾ ಇದು," ಎಂದಳು. "ಹಗೇವು."

ಆ ಒಂದು ಶಬ್ದಕ್ಕೆ ಅವನ ಕಾಲು ತಡೆಯಿತು. ಅವರ ಸೀಮೆಯಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಿಂದ ಬಂದ ಭಯ ಅದು. ಬಹುಕಾಲ ಮುಚ್ಚಿದ್ದ ಹಗೇವಿನ ಬಾಯಿ ತೆರೆದು ಅವಸರದಲ್ಲಿ ಇಳಿದವನು ಒಳಗಿನ ಕೆಟ್ಟ ಗಾಳಿಗೆ ಸಿಕ್ಕಿ ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಜ್ಯೋತಿಯ ಸೋದರಮಾವ ಹಾಗೆ ಹೋಗಿದ್ದ. ಅವನ ಹಿಂದೆ ಇಳಿದ ಅವನ ತಮ್ಮನೂ ಹೋಗಿದ್ದ. ಎರಡು ಹೆಣ ಒಂದೇ ಅಂಗಳದಲ್ಲಿ ಮಲಗಿದ್ದನ್ನು ಶಂಕ್ರೆಪ್ಪನೂ ನೋಡಿದ್ದ.

"ಜೀವ ಇದ್ರ?" ಎಂದ ಶಂಕ್ರೆಪ್ಪ. "ಈಗ ಇಳದ್ರ ಉಳಿಯಾಂವ ಇದ್ರ? ನಾಳೆ ನೀನ ಕೇಳ್ತಿ, ಯಾಕ ಇಳೀಲಿಲ್ಲ ಅಂತ."

"ಕೇಳಂಗಿಲ್ಲ."

ಅವಳು ಪಟ್ಟಿಯನ್ನು ಇನ್ನೂ ಬಿಗಿ ಮಾಡಿದಳು. ಏಣಿಯ ಬುಡದಲ್ಲಿ ಅವಳ ಗಂಡ. ಅವನಿಗೂ ಗಾಳಿಗೂ ನಡುವೆ ಅವಳ ಕೈಯೊಂದೇ ಅಡ್ಡ. ಬಿಟ್ಟರೆ ಒಬ್ಬ ಇಳಿಯುತ್ತಾನೆ. ಅವನು ತರಬಹುದು. ಅಥವಾ ಇಬ್ಬರೂ ಅಲ್ಲೇ ಉಳಿಯಬಹುದು. ಬಿಡದಿದ್ದರೆ, ಕೆಳಗಿನವನ ಕೊನೆಯ ಉಸಿರು ತನ್ನ ಕೈಯಿಂದಲೇ ಹೋಯಿತೇನೋ ಎಂಬ ಮಾತು ಜನ್ಮಕ್ಕೆಲ್ಲ ಬೆನ್ನು ಹತ್ತುತ್ತದೆ. ಅವಳಿಗೆ ಎರಡೂ ಗೊತ್ತಿತ್ತು. ಅವಳು ಬಿಡಲಿಲ್ಲ.

"ಗಾಳಿ! ಒಳಗೆ ಗಾಳಿ ಬಿಡೋಕೆ ಏನಿದೆ ಇಲ್ಲಿ?" ಗಗನಾ ರಿತೇಶನ ತೋಳು ಹಿಡಿದು ಅಲ್ಲಾಡಿಸಿದಳು. "ಕಂಪ್ರೆಸರ್ ಇದ್ಯಾ?"

ರಿತೇಶ್ ಮೇಲೆ ನೋಡಿದ. ಕಂಪ್ರೆಸರ್ ಸ್ಲ್ಯಾಬಿನ ಕೆಲಸದಲ್ಲಿತ್ತು. ಅವನು ಯೋಚಿಸುತ್ತಿದ್ದ. ಅವನು ಯೋಚಿಸಿ ಮುಗಿಸುವ ಮೊದಲೇ ಮೇಲಿನ ಸದ್ದು ತಾನಾಗಿ ನಿಂತಿತು. ಸುದ್ದಿ ಮಹಡಿಯಿಂದ ಮಹಡಿಗೆ ಹೋಗಿತ್ತು. ಅಫಜಲಪುರದ ಹುಡುಗರು, ಅವರ ಹಿಂದೆ ಬಿಹಾರಿಗಳು, ಬಂಗಾಲಿಗಳು, ಸಿಮೆಂಟು ಮೆತ್ತಿದ ಕೈಗಳಲ್ಲೇ ಇಳಿದು ಬರುತ್ತಿದ್ದರು. ಕಂಪ್ರೆಸರಿನ ಪೈಪನ್ನು ಅವರೇ ಎಳೆದು ತಂದರು. ಟಾಕಿಯೊಳಗೆ ಗಾಳಿ ನುಗ್ಗುವ ಸದ್ದು ಕೇಳಿಸತೊಡಗಿತು.

ಜ್ಯೋತಿ ಟಾಕಿಯ ಅಂಚಿಗೆ ಕುಳಿತಳು. ಮದುವೆಯಾದಂದಿನಿಂದ ಅವಳು ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಅವನಿಗೆ ಕೇಳಿಸುವ ಹಾಗೆ ಏನೆಂದು ಕೂಗಬೇಕೆಂದು ಕ್ಷಣಕಾಲ ತಿಳಿಯಲಿಲ್ಲ. ಆಮೇಲೆ ಕೂಗಿದಳು.

"ಸಿದ್ದಾ! ಸಿದ್ದಾ, ನಾ ಬಂದೀನಿ. ಗಾಳಿ ಬಿಟ್ಟೀವಿ, ಉಸುರು ತಗೋ. ಕೈ ಬಿಡಬ್ಯಾಡ. ಸಿದ್ದಾ!"

ಟಾಕಿ ಅವಳ ದನಿಯನ್ನೇ ಅವಳಿಗೆ ವಾಪಸು ಕೊಟ್ಟಿತು. ಅವಳು ನಿಲ್ಲಿಸಲಿಲ್ಲ. ಘೋಡಬಂದರ್ ರಸ್ತೆಯ ವಾಹನ ದಟ್ಟಣೆಯಾಚೆ ಎಲ್ಲೋ ಕೆಂಪು ಗಾಡಿಯ ಗಂಟೆ ಕೇಳಿ, ಸಿಕ್ಕಿಕೊಂಡು, ಮತ್ತೆ ಕೇಳಿ, ಕೊನೆಗೆ ಗೇಟಿನೊಳಗೆ ಬರುವವರೆಗೂ ಅವಳು ಆ ಹೆಸರನ್ನು ಕೂಗುತ್ತಲೇ ಇದ್ದಳು.

*

ಮುಖಕ್ಕೆ ಗಾಳಿಯ ಮುಸುಕು ಕಟ್ಟಿಕೊಂಡು ಫೈರ್ ಬ್ರಿಗೇಡಿನ ಇಬ್ಬರು ಇಳಿದರು. ಮೇಲೆ ತರಲು ತಡವಾಯಿತು. ಯಾಕೆ ತಡವೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಮೇಲೆ ಬಂದ ಮೇಲೆ ಒಬ್ಬ ಮುಸುಕು ಸರಿಸಿ ತನ್ನ ಹಿರಿಯನಿಗೆ ಮರಾಠಿಯಲ್ಲಿ ಹೇಳಿದ: ಮೆಟ್ಟಿಲನ್ನು ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಹಿರಿಯ ಅಧಿಕಾರಿ ರೇವಣಸಿದ್ದನ ಕೊರಳಿಗೆ ಬೆರಳಿಟ್ಟು ನೋಡಿದ. ಕಣ್ಣೆವೆ ಎತ್ತಿ ನೋಡಿದ. ಆಮೇಲೆ ಎದ್ದು ನಿಂತು ತಲೆಯ ಮೇಲಿನ ಟೋಪಿ ತೆಗೆದ. ಜ್ಯೋತಿಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಕಬ್?" ಎಂದಳು. ಯಾವಾಗ?

ಅಧಿಕಾರಿ ಗಗನಾಳ ಕಡೆ ನೋಡಿದ. ಡಾಕ್ಟರು ಹೇಳಬೇಕು, ಆದರೆ ಇವತ್ತಿನದಲ್ಲ, ಮೈ ಸೆಟೆದಿದೆ, ನಿನ್ನೆ ರಾತ್ರಿಯೇ ಇರಬೇಕು ಎಂದ. ಗಗನಾ ಅದನ್ನು ಕನ್ನಡದಲ್ಲಿ ಹೇಳಿದಳು. ಅವಳ ದನಿ ಪಾಠದ ದನಿಯಾಗಿರಲಿಲ್ಲ.

ಒಂದು ಹೊರೆ ಇಳಿಯಿತು: ಶಂಕ್ರೆಪ್ಪನನ್ನು ಹಿಡಿದದ್ದರಿಂದ ಹೋದ ಜೀವವಲ್ಲ ಅದು. ಆದರೆ ಇಳಿದ ಹೊರೆ ಹಗುರ ಕೊಡಲಿಲ್ಲ. ಪಕ್ಕದಲ್ಲಿ ಕುಸಿದು ಕುಳಿತಿದ್ದ ಶಂಕ್ರೆಪ್ಪ ಮೆಲ್ಲಗೆ ತಲೆಯೆತ್ತಿದ.

"ರಾತ್ರೀನ ಹೋಗ್ಯಾನ ಅಂದ್ರ... ನಾ ಮುಂಜಾನೆ ನಿನ್ನ ಫೋನ್ ಎತ್ತಿ ಹೇಳಿದ್ರೂ ಏನೂ ಆಗ್ತಿರಲಿಲ್ಲ ಯವ್ವಾ. ಅಲ್ಲ?"

ಜ್ಯೋತಿ ಅವನನ್ನು ನೋಡಿದಳು. ಬೆಳಗಿನಿಂದ ಅವನಿಗೆ ಅನುಮಾನವಿತ್ತು. ಫೋನು ಕಟ್ ಮಾಡಿದ್ದು ಅದಕ್ಕೇ. ಹಲಗೆ ಸರಿಸಿ ನೋಡಿದರೆ ಅನುಮಾನ ನಿಜವಾಗುತ್ತದೆಂದು ಹೆದರಿ ಅವನು ಪಂಪಿನ ಬಳಿ ನಿಂತು ಕಾಂಕ್ರೀಟು ಏರಿಸಿದ.

"ನೀ ಚೀಲ ಹೇರಿದಾಗ ಅಂವ ಒಳಗ ಹ್ಯಾಂಗಿದ್ದ?" ಎಂದಳು. "ಬೆರಳು ಬಿಡಸಬೇಕಾತಂತ, ಕೇಳಿಲ್ಲೇನು? ಹತ್ತಾಕ ನೋಡ್ಯಾನ. ನೀ ಮುಚ್ಚೂದ್ಕಿಂತ ಮೊದಲೋ, ಮುಚ್ಚಿದ ಮ್ಯಾಲೋ?"

ಅದಕ್ಕೆ ಉತ್ತರ ಬಲ್ಲವನು ಬಿಳಿ ಬಟ್ಟೆಯ ಕೆಳಗಿದ್ದ.

ಅತ್ತ ರಿತೇಶ್, ಆಗಷ್ಟೇ ಬಂದ ಪೊಲೀಸರ ಬಳಿ ನಿಂತು, ಅನುಮತಿ ಕೇಳದೆ ಇಳಿದಿದ್ದಾನೆ, ಹೆಲ್ಮೆಟ್ ಕೂಡ ಹಾಕಿರಲಿಲ್ಲ ಎಂದು ಸೌಮ್ಯವಾಗಿ ವಿವರಿಸುತ್ತಿದ್ದ. ಗಗನಾ ಅವನ ಮಾತಿನ ನಡುವೆಯೇ ನುಗ್ಗಿ, ವಾಚ್‌ಮನ್ನನನ್ನು ಮುಂದಕ್ಕೆ ಕರೆದು, ಒಬ್ಬನೇ ಎಲ್ಲರ ಹೆಲ್ಮೆಟ್ ತರುವುದು ಎಷ್ಟು ದಿನದಿಂದ ನಡೆದಿದೆ ಎಂದು ಕೇಳುತ್ತಿದ್ದಳು. ವಾಚ್‌ಮನ್ ನೆಲ ನೋಡುತ್ತಿದ್ದ. ಅರ್ಧಕ್ಕೆ ನಿಂತ ಸ್ಲ್ಯಾಬಿನಿಂದ ಸಿಮೆಂಟಿನ ನೀರು ಹನಿ ಹನಿಯಾಗಿ ಕೆಳಗಿನ ತಗಡಿನ ಮೇಲೆ ಬೀಳುತ್ತಿತ್ತು.

ಜ್ಯೋತಿ ತನ್ನ ಫೋನು ತೆಗೆದಳು. ಅತ್ತೆ ಸತ್ಯಮ್ಮನ ನಂಬರು ಒತ್ತಿ, ರಿಂಗಾಗುವ ಮೊದಲೇ ಅದನ್ನು ಶಂಕ್ರೆಪ್ಪನ ಅಂಗೈಗಿಟ್ಟಳು.

"ಯಾರಿಗಿದು?"

"ನಿನ್ನ ಚಿಗವ್ವಗ."

ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದೆಳೆದ. ಜ್ಯೋತಿ ಮಣಿಕಟ್ಟು ಹಿಡಿದಳು.

"ಸೀರಿಯಸ್ ಅದಾನ ಅಂತೀನಿ," ಎಂದ ಶಂಕ್ರೆಪ್ಪ, ಬೇಡಿಕೊಳ್ಳುವ ದನಿಯಲ್ಲಿ. "ಊರಾಗೆಲ್ಲ ಹಂಗ ಹೇಳೂದಲ್ಲ ಯವ್ವಾ. ಮೊದಲು ಸೀರಿಯಸ್ ಅಂತ, ಹೆಣ ಮನಿ ಮುಂದ ಬಂದ ಮ್ಯಾಲ..."

"ಬ್ಯಾಡ. ಸತ್ತಾನ ಅಂತ ಹೇಳು. ಎಲ್ಲಿ ಸತ್ತ ಅಂತ ಹೇಳು. ಬಾಯಿ ಯಾರು ಮುಚ್ಚಿದ್ರು ಅನ್ನೂದನ್ನೂ ನೀನ ಹೇಳು. ನನ್ನ ಕಡಿಂದ ಕೇಳಿದ್ರ ಆಕಿ ನಂಬಂಗಿಲ್ಲ. ನಿನ್ನ ಎತ್ತಿ ಆಡಿಸ್ಯಾಳ ಆಕಿ."

ಆ ತುದಿಯಲ್ಲಿ ಫೋನು ಎತ್ತಿದ ಸದ್ದಾಯಿತು. ಕೋಳಿ ಓಡಿಸುವ ದನಿಯೊಂದು ಹತ್ತಿರ ಬಂತು. ರವಿವಾರ ಜ್ಯೋತಿಯ ನಂಬರಿನಿಂದ ಬರುವ ಫೋನು ಮಗನದೇ ಎಂದು ಸತ್ಯಮ್ಮನಿಗೆ ಖಾತ್ರಿ.

"ಸಿದ್ದಾ? ಉಂಡ್ಯೇನೋ? ಈಗ ನೆನಪಾತೇನು ಅವ್ವಂದು?"

ಶಂಕ್ರೆಪ್ಪ ಜ್ಯೋತಿಯ ಮುಖ ನೋಡಿದ. ಅವಳು ಮಣಿಕಟ್ಟು ಬಿಡಲಿಲ್ಲ.

"ಚಿಗವ್ವಾ," ಎಂದ ಅವನು. "ನಾನು. ಶಂಕ್ರೆಪ್ಪ."